ಆಫ್‌ರೋಡ್ ಜೀಪಿಗೆ ಕಡಿಮೆ ಖರ್ಚಿನ ಪ್ರೊಪೆಲ್ಲರ್ ಶಾಫ್ಟ್: ಅಳತೆಯಿಂದ ಜೋಡಣೆಯವರೆಗೆ

ಹಳೆ ಜೀಪನ್ನೋ ಜಿಪ್ಸಿಯನ್ನೋ ಎತ್ತರಿಸಿ, ದೊಡ್ಡ ಟೈರ್ ಹಾಕಿ, ಬೇರೆ ಎಂಜಿನ್ ಕೂರಿಸುವವರು ಎಲ್ಲ ಮುಗಿದ ಮೇಲೆ ನೆನಪಿಸಿಕೊಳ್ಳುವ ಭಾಗ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಎಂಜಿನ್ ಕಡೆಯ ತಿರುಗುವ ಬಲವನ್ನು ಚಕ್ರಗಳ ಕಡೆಗೆ ಒಯ್ಯುವ ಪೈಪ್. ಅಷ್ಟೊತ್ತಿಗೆ ದುಡ್ಡೂ ಮುಗಿದಿರುತ್ತದೆ. ಆಗ ಗುಜರಿಯಲ್ಲಿ ಸಿಕ್ಕ ಶಾಫ್ಟ್ ತಂದು, ಕತ್ತರಿಸಿ, ಬೆಸೆದು ಹಾಕುತ್ತಾರೆ. ಗಾಡಿ ಗ್ಯಾರೇಜಿನಿಂದ ಹೊರಗೆ ಬರುತ್ತದೆ, 60ರ ವೇಗಕ್ಕೆ ನಡುಗುತ್ತದೆ, ಕ್ರಾಸ್ (ಶಾಫ್ಟಿನ ತುದಿ ಬಾಗಿಕೊಂಡೇ ತಿರುಗಲು ಬಿಡುವ, ನಾಲ್ಕು ತೋಳಿನ ಕೀಲು) ಮುರಿಯುತ್ತದೆ, ಮತ್ತೆ ಒಳಗೆ ಹೋಗುತ್ತದೆ.

ಗುಜರಿ ಶಾಫ್ಟ್ ತರುವುದು ತಪ್ಪಲ್ಲ. ಹುಬ್ಬಳ್ಳಿ ಲಾರಿಗಳ ಊರು. ಲೇತ್, ವೆಲ್ಡಿಂಗ್, ಹಳೆ ಬಿಡಿಭಾಗ ಯಾವುದಕ್ಕೂ ಇಲ್ಲಿ ಬರ ಇಲ್ಲ. ಗೋಕುಲ ರೋಡಿನ ಕೈಗಾರಿಕಾ ಪ್ರದೇಶ, ತಾರಿಹಾಳ, ಧಾರವಾಡದ ಕಡೆ ಲಕ್ಕಮನಹಳ್ಳಿ, ಬೇಲೂರು, ಎಲ್ಲ ಕಡೆ ಒಳ್ಳೆಯ ಕೆಲಸಗಾರರು ಸಿಗುತ್ತಾರೆ. ತೊಂದರೆ ಇರುವುದು ಕೆಲಸದ ಕ್ರಮದಲ್ಲಿ. ಮೊದಲು ಅಳತೆ, ಆಮೇಲೆ ಖರೀದಿ. ಪೈಪಿನಲ್ಲಿ ಉಳಿಸಿ, ಕ್ರಾಸ್ ಮತ್ತು ಬ್ಯಾಲೆನ್ಸಿಂಗ್‌ನಲ್ಲಿ ಖರ್ಚು ಮಾಡಿ. ಒಬ್ಬ ಹಳೆ ಮೇಸ್ತ್ರಿ ಹೇಳಿದ್ದು ಇಷ್ಟೇ: "ಸರ, ಪೈಪಿಗೆ ಏನೂ ಆಗಂಗಿಲ್ರೀ. ಕ್ರಾಸ್ ಚೊಲೋದು ಹಾಕ್ರಿ, ಸೆಂಟರ್ ನೋಡ್ಕೋರಿ." ಈ ಬರಹ ಅದರದೇ ವಿಸ್ತಾರ ಅಂದುಕೊಳ್ಳಿ.

ಇಲ್ಲಿ ಹೇಳುತ್ತಿರುವುದು ಟ್ರಾನ್ಸ್‌ಫರ್ ಕೇಸ್‌ನಿಂದ (ಗೇರ್‌ಬಾಕ್ಸ್‌ನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಮತ್ತು ಹಿಂದಿನ ಹೌಸಿಂಗ್‌ಗೆ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ಹೋಗುವ ಶಾಫ್ಟ್‌ಗಳ ಬಗ್ಗೆ. ಹೌಸಿಂಗ್ ಒಳಗಿನ ಆಕ್ಸಲ್ ಶಾಫ್ಟ್ ಬೇರೆ ವಿಷಯ.

1. ಗಾಡಿ ಎಲ್ಲಿ ಓಡುತ್ತದೆ, ಎಷ್ಟು ವೇಗದಲ್ಲಿ?

ನವಲಗುಂದ, ರೋಣದ ಕಡೆಯ ಎರೆಮಣ್ಣು ಒಂದು ಥರ. ಕಲಘಟಗಿ, ಹಾನಗಲ್ ಕಡೆಯ ಕೆಂಪು ಮಣ್ಣಿನ ಏರಿಳಿತ ಇನ್ನೊಂದು ಥರ. ಎರೆಮಣ್ಣಿನಲ್ಲಿ ಚಕ್ರ ಜಾರುತ್ತದೆ, ಹಾಗಾಗಿ ಶಾಫ್ಟ್ ಮೇಲೆ ದಿಢೀರ್ ಹೊಡೆತ ಕಡಿಮೆ. ಆದರೆ ಮಣ್ಣು ಶಾಫ್ಟಿಗೆ ಮೆತ್ತಿಕೊಂಡು ಒಣಗಿ ಬ್ಯಾಲೆನ್ಸ್ ಕೆಡಿಸುತ್ತದೆ. ಬಂಡೆ ಇರುವ ಕಡೆ ಚಕ್ರ ಸಿಕ್ಕಿಕೊಂಡು ನಿಲ್ಲುತ್ತದೆ. ಕ್ರಾಸ್ ಮುರಿಯುವುದು ಅಲ್ಲೇ.

ಗಾಡಿಯನ್ನು ಲಾರಿ ಮೇಲೆ ಹೇರಿಕೊಂಡು ಹೋಗುತ್ತೀರೋ, ಹೈವೇಯಲ್ಲಿ ಓಡಿಸಿಕೊಂಡೇ ಹೋಗುತ್ತೀರೋ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಹೈವೇಯಲ್ಲಿ 80ರಲ್ಲಿ ಹೋಗುವುದಾದರೆ ಕೋನ, ಬ್ಯಾಲೆನ್ಸ್ ಎರಡೂ ಕಟ್ಟುನಿಟ್ಟಾಗಿರಬೇಕು. ಹೊಲ, ಹಳ್ಳದಲ್ಲಿ ಮಾತ್ರ ಓಡುವ ಗಾಡಿಗೆ ಅಷ್ಟೆಲ್ಲ ಬೇಡ.

2. ಶಾಫ್ಟಿಗೆ ಬರುವ ಬಲದ ಲೆಕ್ಕ

ಎರಡು ಲೆಕ್ಕ ಮಾಡಬೇಕು. ಹೆಚ್ಚಿನವರು ಮೊದಲನೆಯದು ಮಾತ್ರ ಮಾಡಿ, ಹೆದರಿ, ಬೇಡದಷ್ಟು ದಪ್ಪ ಶಾಫ್ಟ್ ಕೊಳ್ಳುತ್ತಾರೆ.

ಮೊದಲನೆಯದು ಎಂಜಿನ್ ಕಡೆಯಿಂದ. ಎಂಜಿನ್ ಟಾರ್ಕ್ (ತಿರುಚುವ ಬಲ) ಅನ್ನು ಮೊದಲ ಗೇರಿನ ಅನುಪಾತದಿಂದ, ಆಮೇಲೆ ಟ್ರಾನ್ಸ್‌ಫರ್ ಕೇಸ್‌ನ ಲೋ (ವೇಗ ಕಡಿಮೆ, ಬಲ ಜಾಸ್ತಿ ಕೊಡುವ ಗೇರ್) ಅನುಪಾತದಿಂದ ಗುಣಿಸಿ. ಜಿಪ್ಸಿಯ 1298 ಸಿಸಿ ಎಂಪಿಎಫ್‌ಐ ಎಂಜಿನ್ ಕೊಡುವುದು ಸುಮಾರು 103 ನ್ಯೂಟನ್ ಮೀಟರ್. ಮೊದಲ ಗೇರ್ 3.65, ಲೋ 2.27. ಗುಣಿಸಿದರೆ 850 ಆಸುಪಾಸು ಬರುತ್ತದೆ. ಅದೇ ಗಾಡಿಗೆ 250 ನ್ಯೂಟನ್ ಮೀಟರ್‌ನ ಡೀಸೆಲ್ ಎಂಜಿನ್, 4ರ ಮೊದಲ ಗೇರ್, 2.5ರ ಲೋ ಹಾಕಿದರೆ 2500 ಆಗುತ್ತದೆ. ಮೂರು ಪಟ್ಟು ಹತ್ತಿರ.

ಎರಡನೆಯದು ಟೈರ್ ಕಡೆಯಿಂದ. ಟೈರ್ ಹಿಡಿತ ಬಿಟ್ಟು ಜಾರಿದ ಮೇಲೆ ಶಾಫ್ಟಿಗೆ ಹೆಚ್ಚು ಬಲ ಬರುವುದೇ ಇಲ್ಲ. ಏರು ಹತ್ತುವಾಗ ಹಿಂದಿನ ಆಕ್ಸಲ್ ಮೇಲೆ 1000 ಕೆ.ಜಿ. ಭಾರ ಇದೆ ಅಂದುಕೊಳ್ಳಿ. ಅದನ್ನು 9.81ರಿಂದ ಗುಣಿಸಿ. ಹಿಡಿತಕ್ಕೆ 0.9 ಹಿಡಿಯಿರಿ. 31 ಇಂಚಿನ ಟೈರಿಗೆ ಭಾರ ಬಿದ್ದಾಗ ತ್ರಿಜ್ಯ ಸುಮಾರು 0.38 ಮೀಟರ್. ಎಲ್ಲ ಗುಣಿಸಿ, ಕ್ರೌನ್ ಪಿನಿಯನ್ (ಹೌಸಿಂಗ್ ಒಳಗೆ ಶಾಫ್ಟಿನ ಬಲವನ್ನು ಚಕ್ರದ ಕಡೆ ತಿರುಗಿಸುವ ಹಲ್ಲುಚಕ್ರಗಳ ಜೋಡಿ; ಶಾಫ್ಟ್ ಕಡೆಯ ಚಿಕ್ಕದು ಪಿನಿಯನ್) ಅನುಪಾತ 4.1ರಿಂದ ಭಾಗಿಸಿ. ಬರುವುದು 820 ನ್ಯೂಟನ್ ಮೀಟರ್.

ಅಂದರೆ ಎಂಜಿನ್ 2500 ಕೊಡಲು ತಯಾರಿದ್ದರೂ ಟೈರ್ 820ಕ್ಕೇ ಕೈ ಎತ್ತುತ್ತದೆ. ಹಾಗಂತ 820ಕ್ಕೆ ಶಾಫ್ಟ್ ಮಾಡಿಸಬೇಡಿ. ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದು ಒಮ್ಮೆಲೇ ನೆಲ ಹಿಡಿದಾಗ, ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಾಗ ಬರುವ ಹೊಡೆತ ಇದಕ್ಕಿಂತ ತುಂಬಾ ಜಾಸ್ತಿ. ನಾನು ಟೈರ್ ಲೆಕ್ಕಕ್ಕೆ ಎರಡು ಪಟ್ಟು ಹಿಡಿಯುತ್ತೇನೆ. ಇಲ್ಲಿ ಅದು 1650 ಆಸುಪಾಸು. ಆದರೆ ಎಂಜಿನ್ ಲೆಕ್ಕವೇ ಅದಕ್ಕಿಂತ ಕಡಿಮೆ ಇದ್ದರೆ, ಜಿಪ್ಸಿಯ ಹಾಗೆ, ಎಂಜಿನ್ ಲೆಕ್ಕದ ಮೇಲೆ ಸ್ವಲ್ಪ ಸೇರಿಸಿದರೆ ಸಾಕು.

ಜಿಪ್ಸಿ ಇಟ್ಟುಕೊಂಡವರಿಗೆ ಇನ್ನೊಂದು ವಿಷಯ. ಅದರಲ್ಲಿ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಬೇರೆ ಬೇರೆ, ನಡುವೆ ಒಂದು ಚಿಕ್ಕ ಶಾಫ್ಟ್ ಇದೆ. ಲೋ ಗೇರಿನ ಗುಣಾಕಾರ ಆ ಶಾಫ್ಟ್ ದಾಟಿದ ಮೇಲೆ ಆಗುವುದರಿಂದ ಅದಕ್ಕೆ ಬರುವುದು 376 ಮಾತ್ರ. ಅದನ್ನು ಸುಮ್ನೆ ಬದಲಿಸಲು ಹೋಗಬೇಡಿ. ಕ್ರಾಸ್ ಬದಲಿಸಿ ಸಾಕು.

3. ಉದ್ದದ ಅಳತೆ

ಗಾಡಿ ಪೂರ್ತಿ ತಯಾರಾದ ಮೇಲೆಯೇ ಅಳೆಯಿರಿ. ವಿಂಚ್, ಸ್ಟೆಪ್ನಿ, ಟೂಲ್ ಬಾಕ್ಸ್, ಡೀಸೆಲ್, ಸೀಟಿನಲ್ಲಿ ಇಬ್ಬರು, ಎಲ್ಲ ಇರಬೇಕು. ಬರಿ ಚಾಸಿ ಮೇಲೆ ಅಳತೆ ತೆಗೆದುಕೊಂಡು ಶಾಫ್ಟ್ ಮಾಡಿಸಿದರೆ, ಭಾರ ಬಿದ್ದ ಮೇಲೆ ಆ ಅಳತೆ ಉಳಿಯುವುದಿಲ್ಲ.

ಟ್ರಾನ್ಸ್‌ಫರ್ ಕೇಸ್ ಫ್ಲಾಂಜ್ (ಶಾಫ್ಟನ್ನು ಬೋಲ್ಟ್ ಮಾಡುವ ಬಿಲ್ಲೆ) ಮುಖದಿಂದ ಪಿನಿಯನ್ ಫ್ಲಾಂಜ್ ಮುಖದವರೆಗೆ ಟೇಪ್ ಹಿಡಿಯಿರಿ. ಮೂರು ಸ್ಥಿತಿಯಲ್ಲಿ ಬೇಕು. ಒಂದು, ಗಾಡಿ ಸಮತಟ್ಟು ನೆಲದ ಮೇಲೆ ನಿಂತಾಗ. ಎರಡು, ಚಾಸಿಯನ್ನು ಎತ್ತಿ ಸ್ಟ್ಯಾಂಡ್ ಮೇಲಿಟ್ಟು ಹೌಸಿಂಗ್ ಪೂರ್ತಿ ಕೆಳಗೆ ಜೋತುಬಿದ್ದಾಗ. ಮೂರು, ಹೌಸಿಂಗ್ ಮೇಲೆದ್ದು ಬಂಪ್ ಸ್ಟಾಪ್‌ಗೆ (ಚಾಸಿಯ ಕೆಳಗಿನ ತಡೆ ರಬ್ಬರ್) ತಾಗಿದಾಗ. ಮೂರನೆಯದಕ್ಕೆ ಪಾಟಾ (ಲೀಫ್ ಸ್ಪ್ರಿಂಗ್) ಸೆಟ್ ಬಿಚ್ಚಿ, ಮೇನ್ ಲೀಫ್ ಒಂದನ್ನೇ ಬಿಟ್ಟು, ಜಾಕ್‌ನಿಂದ ಹೌಸಿಂಗನ್ನು ಮೇಲಕ್ಕೆ ಒತ್ತಬೇಕು. ಕೆಲಸ ಜಾಸ್ತಿ, ಆದರೆ ಇದನ್ನು ಬಿಟ್ಟರೆ ಶಾಫ್ಟ್ ಒಳಗೆ ಜಾಗ ಸಾಲದೆ ಟ್ರಾನ್ಸ್‌ಫರ್ ಕೇಸ್‌ನ ಬೇರಿಂಗ್‌ಗೆ ಗುದ್ದುತ್ತದೆ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಇದ್ದಾಗ ಪೈಪ್ ಸೈಲೆನ್ಸರ್‌ಗೋ ಕ್ರಾಸ್ ಮೆಂಬರ್‌ಗೋ ತಾಗುತ್ತದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.

ಶಾಫ್ಟ್ ಬಿಚ್ಚುವ ಮೊದಲು ಚಕ್ರಗಳಿಗೆ ಎರಡೂ ಕಡೆ ಕಲ್ಲು ಅಥವಾ ಮರದ ದಿಮ್ಮಿ ಕೊಡಿ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಟ್ರಾನ್ಸ್‌ಫರ್ ಕೇಸ್‌ನ ಹಿಂದೆ. ಶಾಫ್ಟ್ ಬಿಚ್ಚಿದಿರೋ, ಹ್ಯಾಂಡ್‌ಬ್ರೇಕೂ ಇಲ್ಲ, ಗೇರಿನ ಹಿಡಿತವೂ ಇಲ್ಲ. ಗಾಡಿ ಕೆಳಗೆ ನೀವು ಮಲಗಿರುತ್ತೀರಿ.

4. ಕೋನ: ಅರ್ಧಕ್ಕರ್ಧ ತೊಂದರೆ ಇಲ್ಲೇ

ಒಂದು ಕ್ರಾಸ್ ಕೋನದಲ್ಲಿ ತಿರುಗುವಾಗ ಎರಡೂ ಬದಿಯ ವೇಗ ಒಂದೇ ಇರುವುದಿಲ್ಲ. ಎಂಜಿನ್ ಕಡೆ ಸಮನಾಗಿ ತಿರುಗಿದರೂ ಆಚೆ ಬದಿ ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಹಾರಿ, ಎರಡು ಸಲ ಹಿಂದೆ ಬೀಳುತ್ತದೆ. 15 ಡಿಗ್ರಿಯಲ್ಲಿ ಈ ಏರುಪೇರು ಆಚೆ ಈಚೆ ಶೇಕಡಾ 3.5ರಷ್ಟು. 30 ಡಿಗ್ರಿಗೆ ಹೋದರೆ ಶೇಕಡಾ 13 ದಾಟುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದು, ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿದುಕೊಳ್ಳುವ ಎರಡು ಕಿವಿಯ ಭಾಗ) ಒಂದೇ ಸಾಲಿನಲ್ಲಿದ್ದರೆ ಮಾತ್ರ ಈ ಏರುಪೇರು ಹೊಡೆದುಹೋಗುತ್ತದೆ.

ಅಳೆಯಲು ಫೋನಿನಲ್ಲಿರುವ ಲೆವೆಲ್ ಸಾಕು. ಟ್ರಾನ್ಸ್‌ಫರ್ ಕೇಸ್ ಫ್ಲಾಂಜ್ ಮುಖ, ಶಾಫ್ಟ್ ಪೈಪ್, ಪಿನಿಯನ್ ಫ್ಲಾಂಜ್ ಮುಖ, ಈ ಮೂರು ಕಡೆ ಇಟ್ಟು ಓದಿ. ಫ್ಲಾಂಜ್ ಮುಖ ಶಾಫ್ಟಿಗೆ ಅಡ್ಡ ಇರುವುದರಿಂದ ಅಲ್ಲಿ ನೇರ ನಿಲುವಿನಿಂದ ಎಷ್ಟು ವಾಲಿದೆ ಅನ್ನುವುದನ್ನು ಬರೆದುಕೊಳ್ಳಿ.

ಒಂದು ಉದಾಹರಣೆ. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 3 ಡಿಗ್ರಿ ಇಳಿದಿದೆ. ಶಾಫ್ಟ್ 15 ಡಿಗ್ರಿ ಇಳಿದಿದೆ. ಪಿನಿಯನ್ ಕೂಡ ಟ್ರಾನ್ಸ್‌ಫರ್ ಕೇಸ್‌ಗೆ ಸಮಾನಾಂತರವಾಗಿ, ಮೂತಿ 3 ಡಿಗ್ರಿ ಮೇಲೆ ನೋಡುತ್ತಿದೆ. ಆಗ ಎರಡೂ ಕ್ರಾಸ್‌ಗಳ ಕೋನ 12. ನೋಡಲು ಜಾಸ್ತಿ ಅನ್ನಿಸಿದರೂ ಎರಡೂ ಸಮ, ಹಾಗಾಗಿ ತಿರುಗುವಿಕೆ ಸರಿ. ಈಗ ಯಾರೋ "ಕೋನ ಕಡಿಮೆ ಮಾಡೋಣ" ಅಂತ ಪಾಟಾ ಕೆಳಗೆ ಬೆಣೆ ಕೊಟ್ಟು ಪಿನಿಯನ್ ಮೂತಿಯನ್ನು 8 ಡಿಗ್ರಿಗೆ ಎತ್ತುತ್ತಾರೆ. ಹಿಂದಿನ ಕ್ರಾಸ್ 7ಕ್ಕೆ ಇಳಿಯಿತು, ಮುಂದಿನದು 12ರಲ್ಲೇ ಉಳಿಯಿತು. 5 ಡಿಗ್ರಿ ವ್ಯತ್ಯಾಸ. ಗಾಡಿ ನಡುಗಲು ಶುರು. ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿ ಒಳಗಿರಲಿ.

ಕೋನ ಎಷ್ಟಿರಬಹುದು ಅನ್ನುವುದು ತಿರುಗುವ ವೇಗದ ಮೇಲೆ ನಿಂತಿದೆ. ಕ್ರಾಸ್ ತಯಾರಕರ ಕೋಷ್ಟಕದ ಪ್ರಕಾರ 5000 ಆರ್‌ಪಿಎಂಗೆ ಸುಮಾರು 3.2 ಡಿಗ್ರಿ, 3000ಕ್ಕೆ 5.8, 2000ಕ್ಕೆ 8.7, 1500ಕ್ಕೆ 11.5. ಇದನ್ನು ನಿಮ್ಮ ಗಾಡಿಗೆ ಹಚ್ಚಿ ನೋಡಿ. 31 ಇಂಚಿನ ಟೈರ್ ಒಂದು ಸುತ್ತಿಗೆ 2.47 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 540 ಸುತ್ತು. 4.1ರಿಂದ ಗುಣಿಸಿದರೆ ಶಾಫ್ಟ್ 2200 ಸುತ್ತು. ಆ ವೇಗಕ್ಕೆ 8 ಡಿಗ್ರಿ ಒಳಗೇ ಇರಬೇಕು. ನಮ್ಮ ಉದಾಹರಣೆಯ 12 ಡಿಗ್ರಿ ಶಾಫ್ಟ್ ಸುಖವಾಗಿ ಓಡುವುದು 50 ಕಿ.ಮೀ. ಆಸುಪಾಸಿನಲ್ಲಿ. ಹೊಲಕ್ಕೆ ಸಾಕು, ಹುಬ್ಬಳ್ಳಿಯಿಂದ ಹಾವೇರಿಗೆ ಹೈವೇಯಲ್ಲಿ ಹೋಗಲು ಸಾಲದು.

ಕೋನ ಪೂರ್ತಿ ಸೊನ್ನೆಯೂ ಆಗಬಾರದು. ಕ್ರಾಸ್ ಒಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಕಡೆ ಒತ್ತಿ ಗೀರು ಬೀಳುತ್ತವೆ. ಅರ್ಧ, ಒಂದು ಡಿಗ್ರಿಯಾದರೂ ಬೇಕು.

ಲಿಫ್ಟ್ ಮಾಡುವವರು ಇದನ್ನು ಗಮನಿಸಿ. 50 ಮಿ.ಮೀ. ಎತ್ತರಿಸಿದರೆ 1 ಮೀಟರ್ ಶಾಫ್ಟಿನ ಕೋನ ಸುಮಾರು 3 ಡಿಗ್ರಿ ಹೆಚ್ಚುತ್ತದೆ. ಶಾಫ್ಟ್ 600 ಮಿ.ಮೀ. ಇದ್ದರೆ ಹೆಚ್ಚು ಕಡಿಮೆ 5 ಡಿಗ್ರಿ. ಗಿಡ್ಡ ವೀಲ್‌ಬೇಸ್ ಜೀಪುಗಳಿಗೆ ಇದು ದೊಡ್ಡ ಪೆಟ್ಟು. ನನ್ನ ಮಟ್ಟಿಗೆ ನಮ್ಮ ಕಡೆಯ ಮಣ್ಣಿಗೆ 50 ಮಿ.ಮೀ.ಗಿಂತ ಹೆಚ್ಚು ಲಿಫ್ಟ್ ಬೇಕಾಗಿಯೇ ಇಲ್ಲ. ಫೋಟೋಗೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಶಾಫ್ಟಿನ ಬಜೆಟ್ ಉಳಿಸುವ ಅತಿ ಸುಲಭದ ದಾರಿ ಲಿಫ್ಟ್ ಕಡಿಮೆ ಮಾಡುವುದೇ.

ಕೋನ ತಪ್ಪಿಸಲಾಗದಿದ್ದರೆ ಎರಡು ಕ್ರಾಸ್ ಜೋಡಿಸಿದ ಡಬಲ್ ಕಾರ್ಡನ್ ಜಾಯಿಂಟ್ ಇದೆ. ಟ್ರಾನ್ಸ್‌ಫರ್ ಕೇಸ್ ಕಡೆ ಅದನ್ನು ಹಾಕಿದರೆ ಪಿನಿಯನ್ ಸಮಾನಾಂತರ ಇರಬೇಕಿಲ್ಲ, ನೇರ ಶಾಫ್ಟ್ ಕಡೆ ನೋಡುವಂತೆ ತಿರುಗಿಸಬೇಕು. ಪಾಟಾ ಗಾಡಿಗಳಲ್ಲಿ ಒತ್ತಡ ಬಿದ್ದಾಗ ಪಿನಿಯನ್ ಮೇಲೇಳುವುದರಿಂದ 1 ಅಥವಾ 2 ಡಿಗ್ರಿ ಕೆಳಗೆ ಇಡುತ್ತಾರೆ. ಆದರೆ ಬೆಲೆ ಜಾಸ್ತಿ, ಬಿಡಿಭಾಗ ಬೇಕೆಂದಾಗ ಸಿಗುವುದಿಲ್ಲ. ಮುಂದಿನ ಹೌಸಿಂಗ್‌ನಲ್ಲಿ ಪಿನಿಯನ್ ಎತ್ತಲು ಹೋದರೆ ಇನ್ನೊಂದು ತೊಂದರೆ: ಹೌಸಿಂಗ್ ತಿರುಗಿದಾಗ ಕ್ಯಾಸ್ಟರ್ (ಮುಂದಿನ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಸ್ಟೇರಿಂಗ್ ಅಲೆದಾಡುತ್ತದೆ.

5. ಪೈಪಿನ ದಪ್ಪ

ತಿರುಚುವ ಬಲ ತಡೆಯುವುದು ಮುಖ್ಯವಾಗಿ ಪೈಪಿನ ವ್ಯಾಸ, ಗೋಡೆಯ ದಪ್ಪ ಅಲ್ಲ. ಹೊರವ್ಯಾಸ 50 ಮಿ.ಮೀ., ಗೋಡೆ 3 ಮಿ.ಮೀ. ಇರುವ ಪೈಪನ್ನು 76 ಮಿ.ಮೀ., ಗೋಡೆ 2.5 ಇರುವ ಪೈಪಿನ ಜೊತೆ ಹೋಲಿಸಿ. ಎರಡನೆಯದರ ತೂಕ ಶೇಕಡಾ 30ರಷ್ಟು ಮಾತ್ರ ಜಾಸ್ತಿ, ಬಲ ಎರಡು ಪಟ್ಟು. ನಮ್ಮ 1650 ನ್ಯೂಟನ್ ಮೀಟರ್ ಹಾಕಿದರೆ ಸಣ್ಣ ಪೈಪಿನಲ್ಲಿ ಒತ್ತಡ 168 ಮೆಗಾಪ್ಯಾಸ್ಕಲ್, ದೊಡ್ಡದರಲ್ಲಿ 80. ಸಾಮಾನ್ಯ ಮೈಲ್ಡ್ ಸ್ಟೀಲ್ 140ರ ಆಸುಪಾಸಿಗೆ ತಿರುಚಿಕೊಳ್ಳಲು ಶುರು ಮಾಡುತ್ತದೆ. ಹಾಗಾಗಿ ಡೀಸೆಲ್ ಎಂಜಿನ್ ಹಾಕಿದ ಗಾಡಿಗೆ 50ರ ಪೈಪ್ ಬೇಡ. ಮೂಲ ಎಂಜಿನ್ನಿನ ಜಿಪ್ಸಿಗೆ ಸಾಕು.

ಉದ್ದ ಶಾಫ್ಟಿಗೆ ಇನ್ನೊಂದು ಮಿತಿ ಇದೆ. ಒಂದು ವೇಗ ದಾಟಿದರೆ ಶಾಫ್ಟ್ ಬಿಲ್ಲಿನಂತೆ ಬಾಗಿ ಬೀಸತೊಡಗುತ್ತದೆ. 50ರ ಪೈಪ್ 1500 ಮಿ.ಮೀ. ಉದ್ದ ಇದ್ದರೆ ಆ ವೇಗ ಸುಮಾರು 3600 ಆರ್‌ಪಿಎಂ. ಅದರ ಮುಕ್ಕಾಲು ಭಾಗ ದಾಟಬಾರದು, ಅಂದರೆ 2700. ಅದೇ ಪೈಪ್ 1200 ಉದ್ದ ಇದ್ದರೆ 4200 ಆರ್‌ಪಿಎಂವರೆಗೆ ಓಡಿಸಬಹುದು. ಉದ್ದ ಎರಡು ಪಟ್ಟಾದರೆ ಮಿತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಉದ್ದ ಪಿಕಪ್‌ಗಳಿಗೆ ಸೆಂಟರ್ ಬೇರಿಂಗ್ ಹಾಕಿ ಶಾಫ್ಟನ್ನು ಎರಡು ತುಂಡು ಮಾಡುವುದಕ್ಕೆ ಇದೂ ಒಂದು ಕಾರಣ. 2375 ಮಿ.ಮೀ. ವೀಲ್‌ಬೇಸ್‌ನ ಜಿಪ್ಸಿಯಂಥ ಗಾಡಿಗೆ ಈ ಚಿಂತೆ ಇಲ್ಲ.

ನೀರಿನ ಜಿಐ ಪೈಪ್ ಹಾಕಲೇಬೇಡಿ. ಅದು ಈ ಕೆಲಸದ ಪೈಪೇ ಅಲ್ಲ, ದುಂಡಗೂ ಸರಿಯಿರುವುದಿಲ್ಲ. ಸತುವಿನ ಲೇಪ ಸುಟ್ಟಾಗ ಬರುವ ಹೊಗೆ ವೆಲ್ಡಿಂಗ್ ಮಾಡುವವರಿಗೆ ವಿಷ.

ಇನ್ನೊಂದು ಚಟ ನಮ್ಮ ಕಡೆ ಇದೆ. ರೋಟಾವೇಟರ್‌ನ ಪಿಟಿಒ ಶಾಫ್ಟ್ (ಟ್ರ್ಯಾಕ್ಟರ್‌ನಿಂದ ಬಲ ಒಯ್ಯುವ ಶಾಫ್ಟ್) ಅಗ್ಗಕ್ಕೆ ಸಿಗುತ್ತದೆ, ಗಟ್ಟಿಯಾಗಿ ಕಾಣುತ್ತದೆ, ಜೀಪಿಗೆ ಹಾಕಿದರೆ ಹೇಗೆ ಅಂತ ಕೇಳುವವರು ಗದಗದಲ್ಲೂ ಇದ್ದಾರೆ, ಹಾವೇರಿಯಲ್ಲೂ ಇದ್ದಾರೆ. ಅದು ನಿಮಿಷಕ್ಕೆ 540 ಸುತ್ತಿಗೆ ಮಾಡಿದ್ದು. ಒಳಗೊಳಗೆ ಜಾರುವ ಪೈಪುಗಳಿಗೆ ಸಡಿಲ ಇರುತ್ತದೆ, ಬ್ಯಾಲೆನ್ಸ್ ಮಾಡಿರುವುದಿಲ್ಲ. ರಸ್ತೆಗೆ ಬೇಡ.

6. ಕ್ರಾಸ್ ಮತ್ತು ಸ್ಪ್ಲೈನ್

ಕ್ರಾಸ್ ಅನ್ನು ಗಾಡಿಯ ಹೆಸರಿನಿಂದ ಕೇಳಬೇಡಿ, ಅಳತೆಯಿಂದ ಕೇಳಿ. ನಿಮ್ಮದು ಹತ್ತು ಗಾಡಿ ಸೇರಿ ಆದ ಒಂದು ಗಾಡಿ. ವರ್ನಿಯರ್‌ನಲ್ಲಿ ಕಪ್ಪಿನ (ಕ್ರಾಸ್‌ನ ತೋಳಿನ ತುದಿಗೆ ಕೂರುವ ಬೇರಿಂಗ್ ಟೋಪಿ) ವ್ಯಾಸ, ಎದುರು ಬದುರು ಕಪ್ಪುಗಳ ನಡುವಿನ ಒಟ್ಟು ಅಗಲ, ಲಾಕ್ ಒಳಗಿದೆಯೋ ಹೊರಗಿದೆಯೋ, ಈ ಮೂರು ಬರೆದುಕೊಂಡು ಅಂಗಡಿಗೆ ಹೋಗಿ. ಕ್ರಾಸ್ ತಯಾರಕ ಸ್ಪೈಸರ್‌ನ ಲೆಕ್ಕದಲ್ಲಿ 1310 ಸರಣಿಯ ಕಪ್ 27 ಮಿ.ಮೀ., ಅಗಲ 81.8. 1330ರಲ್ಲಿ ಕಪ್ ಅದೇ 27, ಅಗಲ 92.1. 1350ರಲ್ಲಿ ಕಪ್ 30.2, ಅಗಲ 92.1. ಹಗುರ ಜೀಪುಗಳಿಗೆ 1310 ಅಳತೆ ಸಾಕು. ಭಾರದ ಡೀಸೆಲ್ ಗಾಡಿಗೆ, 33 ಇಂಚು ಟೈರ್ ಹಾಕುವವರಿಗೆ 1350 ಸರಿ.

ಅದಕ್ಕಿಂತ ದಪ್ಪ ಬೇಡ ಅನ್ನುತ್ತೇನೆ ನಾನು. ಏನಾದರೂ ಮುರಿಯಲೇಬೇಕು ಅಂತಾದರೆ ಕ್ರಾಸ್ ಮುರಿಯಲಿ. ಅದನ್ನು ಹಳ್ಳದ ದಂಡೆಯಲ್ಲಿ ಕೂತು ಬದಲಿಸಬಹುದು. ಲಾರಿ ಕ್ರಾಸ್ ಹಾಕಿ ಗೆದ್ದೆ ಅಂದುಕೊಂಡರೆ ಮುಂದೆ ಮುರಿಯುವುದು ಕ್ರೌನ್ ಪಿನಿಯನ್ ಅಥವಾ ಟ್ರಾನ್ಸ್‌ಫರ್ ಕೇಸ್. ಆಗ ಗಾಡಿಯನ್ನು ಎಳೆದುಕೊಂಡೇ ಬರಬೇಕು, ಖರ್ಚು ಶಾಫ್ಟಿನ ಹತ್ತು ಪಟ್ಟಾದರೂ ಆಶ್ಚರ್ಯ ಇಲ್ಲ.

ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಒಳ್ಳೆಯದೋ, ಇಲ್ಲದ್ದೋ? ನಿಪ್ಪಲ್ ಇಲ್ಲದ್ದು ಸ್ವಲ್ಪ ಗಟ್ಟಿ, ಏಕೆಂದರೆ ಒಳಗೆ ತೂತು ಕೊರೆದಿರುವುದಿಲ್ಲ. ಆದರೆ ಎರೆಮಣ್ಣು, ನೀರಿನಲ್ಲಿ ಓಡಿಸುವವರಿಗೆ ನಿಪ್ಪಲ್ ಇರುವುದೇ ವಾಸಿ. ಒಳಗೆ ಸೇರಿದ ನೀರನ್ನು ಹೊಸ ಗ್ರೀಸ್ ಒತ್ತಿ ಹೊರಗೆ ಹಾಕಬಹುದು.

ಸ್ಪ್ಲೈನ್ ಅಂದರೆ ಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗಲು ಜಾರುವ ಭಾಗ. ಗಾಡಿ ನಿಂತ ಸ್ಥಿತಿಯಲ್ಲಿ, ಒಳಗೆ ಪೂರ್ತಿ ತಾಗಲು ಇನ್ನೂ 25 ಮಿ.ಮೀ. ಆದರೂ ಉಳಿದಿರಲಿ. ನಿಮ್ಮ ಬಂಪ್ ಸ್ಟಾಪ್ ಅಳತೆ ಜಾಸ್ತಿ ಕೇಳಿದರೆ ಅದರಂತೆ ಬಿಡಿ. ಪೂರ್ತಿ ಜೋತುಬಿದ್ದಾಗ ಸ್ಪ್ಲೈನ್‌ನ ವ್ಯಾಸದಷ್ಟಾದರೂ ಉದ್ದ ಒಳಗೆ ಹಿಡಿದಿರಬೇಕು. ಅಷ್ಟಿಲ್ಲದಿದ್ದರೆ ಉದ್ದ ಸ್ಪ್ಲೈನ್ ಇರುವ ಬೇರೆ ಶಾಫ್ಟ್ ಹುಡುಕಿ. ಇಲ್ಲಿ ರಾಜಿ ಬೇಡ.

7. ಗುಜರಿಯಲ್ಲಿ ಆರಿಸುವುದು

ಈಗ ನಿಮ್ಮ ಹತ್ತಿರ ಉದ್ದ, ಕ್ರಾಸ್ ಅಳತೆ, ಫ್ಲಾಂಜ್‌ನ ಬೋಲ್ಟ್ ತೂತುಗಳ ಅಂತರ, ಬೇಕಾದ ಜಾರುವ ಉದ್ದ ಎಲ್ಲ ಒಂದು ಚೀಟಿಯಲ್ಲಿ ಇದೆ. ಅದನ್ನು ಹಿಡಿದುಕೊಂಡು ಹೋಗಿ. ಬೊಲೆರೊ, ಪಿಕಪ್, ಸುಮೊ, ಹಳೆ ಮಹೀಂದ್ರ ಜೀಪುಗಳ ಶಾಫ್ಟ್ ನಮ್ಮ ಕಡೆ ಸುಲಭಕ್ಕೆ ಸಿಗುತ್ತವೆ. ಬೇಕಾದ್ದಕ್ಕಿಂತ ಉದ್ದ ಇರುವುದನ್ನು ತನ್ನಿ. ಕತ್ತರಿಸುವುದು ಸುಲಭ, ಸೇರಿಸುವುದು ಕಷ್ಟ. ತುಂಡು ಪೈಪ್ ಬೆಸೆದು ಉದ್ದ ಮಾಡಿದ ಶಾಫ್ಟ್ ನಂಬಬೇಡಿ.

ನೀವು ನಿಜವಾಗಿ ಕೊಳ್ಳುತ್ತಿರುವುದು ಪೈಪನ್ನಲ್ಲ, ಯೋಕ್ ಮತ್ತು ಸ್ಪ್ಲೈನ್ ಅನ್ನು. ಪೈಪ್ ಬಾಗಿದ್ದರೂ ಪರವಾಗಿಲ್ಲ, ಹೊಸದು ಹಾಕಿಸಬಹುದು. ಮೊದಲು ಸ್ಪ್ಲೈನ್ ಹಿಡಿದು ತಿರುಚಿ ನೋಡಿ, ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬಿಟ್ಟುಬಿಡಿ, ಸವೆದ ಸ್ಪ್ಲೈನ್‌ಗೆ ಅಗ್ಗದ ಮದ್ದಿಲ್ಲ. ಯೋಕ್‌ನ ಕಿವಿಗಳಲ್ಲಿ ಬಿರುಕು ಇದೆಯೇ ಅಂತ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ. ಜೇಬಿನಲ್ಲಿ ಆ ಅಳತೆಯ ಒಂದು ಹೊಸ ಕಪ್ ಇಟ್ಟುಕೊಂಡು ಹೋಗಿ. ಬೆರಳಿನಲ್ಲಿ ಒತ್ತಿದರೆ ಕಪ್ ಸಲೀಸಾಗಿ ಒಳಗೆ ಹೋಯಿತು ಅಂದರೆ ತೂತು ಸವೆದಿದೆ, ಆ ಯೋಕ್ ಬೇಡ. ಒತ್ತಿ ಕೂರಿಸುವಂತಿರಬೇಕು. ಎರಡು ಕಿವಿಯ ತೂತುಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೂ ಬಿಡಿ.

ತೂಕದ ಲೆಕ್ಕದಲ್ಲಿ ಕೊಡುವ ಕಡೆ ಎರಡು ಶಾಫ್ಟ್ ತಂದರೂ ನಷ್ಟ ಇಲ್ಲ. ಒಂದರ ಯೋಕ್, ಇನ್ನೊಂದರ ಸ್ಪ್ಲೈನ್ ಸೇರಿ ಒಂದು ಒಳ್ಳೆಯ ಶಾಫ್ಟ್ ಆಗುತ್ತದೆ.

ಮುಂದಿನ ಶಾಫ್ಟಿನಲ್ಲಿ ಇನ್ನಷ್ಟು ಉಳಿಸಬಹುದು. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್‌ನಿಂದ ಬೇರ್ಪಡಿಸುವ ಲಾಕ್) ಇದ್ದು, ರಸ್ತೆಯಲ್ಲಿ ಅದರ ಲಾಕ್ ತೆಗೆದಿಡುವವರಿಗೆ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಫೋರ್ ಬೈ ಫೋರ್ ಹಾಕಿದಾಗ ಮಾತ್ರ, ಅದೂ ನಿಧಾನವಾಗಿ. ಹಾಗಾಗಿ ಸಿಕ್ಕಿದ್ದರಲ್ಲಿ ಒಳ್ಳೆಯ ಶಾಫ್ಟ್ ಹಿಂದೆ ಹಾಕಿ, ಎರಡನೇ ದರ್ಜೆಯದು ಮುಂದೆ ಹಾಕಿ. ಫ್ರೀ ವೀಲ್ ಹಬ್ ಇಲ್ಲದ ಗಾಡಿಯಲ್ಲಿ ಚಕ್ರದ ಜೊತೆ ಅದೂ ಸದಾ ತಿರುಗುತ್ತದೆ, ಆಗ ಈ ರಿಯಾಯಿತಿ ಇಲ್ಲ.

8. ಲೇತ್, ವೆಲ್ಡಿಂಗ್, ಬ್ಯಾಲೆನ್ಸಿಂಗ್

ಹಳೆ ವೆಲ್ಡಿಂಗ್ ಅನ್ನು ಗ್ರೈಂಡರ್‌ನಲ್ಲಿ ಕೊಯ್ಯಬಾರದು, ಲೇತ್ ಮೇಲೆ ತಿರುಗಿಸಿ ತೆಗೆಸಿ. ಯೋಕ್‌ನ ಒಳಭಾಗ ಪೈಪಿನೊಳಗೆ ಬಿಗಿಯಾಗಿ ಕೂರಬೇಕು. ಹಾಗಾಗಿ ಪೈಪಿನ ಒಳವ್ಯಾಸವನ್ನು ಯೋಕ್ ನೋಡಿಯೇ ತೀರ್ಮಾನಿಸಬೇಕು. ಸಡಿಲ ಇದ್ದರೆ ವೆಲ್ಡಿಂಗ್ ಎಷ್ಟು ಚೆನ್ನಾಗಿದ್ದರೂ ಸೆಂಟರ್ ತಪ್ಪುತ್ತದೆ.

ಕೂರಿಸುವ ಮೊದಲು ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿ ಇವೆಯೇ ನೋಡಿ. ಸಮತಟ್ಟು ಟೇಬಲ್ ಮೇಲಿಟ್ಟು ಎರಡೂ ಕಡೆ ಲೆವೆಲ್ ಹಿಡಿದರೆ ಗೊತ್ತಾಗುತ್ತದೆ. ಎದುರು ಬದುರು ನಾಲ್ಕು ಕಡೆ ಚುಕ್ಕೆ ಟಾಕಿ ಹಾಕಿ, ಲೇತ್ ಮೇಲೆ ಡಯಲ್ ಇಟ್ಟು ತಿರುಗಿಸಿ. ಪೈಪಿನ ನಡುವೆ ಓಲಾಟ ಅರ್ಧ ಮಿ.ಮೀ. ಒಳಗಿರಬೇಕು. ಸರಿ ಇದ್ದ ಮೇಲೆ ಪೂರ್ತಿ ವೆಲ್ಡಿಂಗ್. ಸಿಒ2 ವೆಲ್ಡಿಂಗ್ ಉತ್ತಮ. ರಾಡ್ ಆದರೆ ಒಣಗಿಸಿದ 7018. ಕ್ರಾಸ್ ಹಾಕಿಕೊಂಡು ವೆಲ್ಡಿಂಗ್ ಮಾಡಿಸಬೇಡಿ. ಕರೆಂಟ್ ಸೂಜಿ ಬೇರಿಂಗ್ ಮೂಲಕ ಹೋದರೆ ಹೊಸ ಕ್ರಾಸ್ ಅಲ್ಲೇ ಹಾಳು, ಸೀಲ್ ಕೂಡ ಸುಡುತ್ತದೆ.

ಆಮೇಲೆ ಬ್ಯಾಲೆನ್ಸಿಂಗ್. ಲಾರಿ, ಬಸ್ಸುಗಳ ಶಾಫ್ಟ್ ಬ್ಯಾಲೆನ್ಸ್ ಮಾಡುವ ಕಡೆಯೇ ಮಾಡಿಸಿ. ಕೆಲವರು "ಬರಿ ಸೆಂಟರ್ ನೋಡಿದ್ರ ಸಾಕ್ರಿ" ಅನ್ನುತ್ತಾರೆ. 40ರ ವೇಗಕ್ಕೆ ಸಾಕು, ಹೈವೇಗೆ ಸಾಲದು. ಮಿಷನ್ ಸಿಗದಿದ್ದರೆ ತಾತ್ಕಾಲಿಕ ಉಪಾಯ ಒಂದಿದೆ. ಪೈಪಿನ ಹಿಂದಿನ ತುದಿಯ ಸುತ್ತ ಸಮ ಅಂತರದಲ್ಲಿ 1ರಿಂದ 4ರವರೆಗೆ ಸುಣ್ಣದಲ್ಲಿ ಬರೆದು, ಒಂದು ಹೋಸ್ ಕ್ಲಿಪ್‌ನ ಸ್ಕ್ರೂ ಭಾಗವನ್ನು ಒಂದೊಂದು ಅಂಕಿಯ ಮೇಲಿಟ್ಟು ಬಿಗಿದು ಓಡಿಸಿ ನೋಡಿ. ಎಲ್ಲಿ ನಡುಕ ಕಡಿಮೆಯೋ ಅಲ್ಲಿ ಬಿಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಎಂಜಿನ್ ಓಡಿಸಿ, ಕೆಳಗೆ ಮಲಗಿ ನೋಡುವ ಸಾಹಸ ಬೇಡ.

9. ಜೋಡಣೆ, ಮೊದಲ ಓಟ

ಸ್ಪ್ಲೈನ್ ಸೇರಿಸುವಾಗ ಸಾಲು ತಪ್ಪದಂತೆ ಎರಡೂ ಭಾಗಕ್ಕೆ ಪಂಚ್ ಗುರುತು ಹಾಕಿಡಿ. ಮುಂದೆ ಯಾರೇ ಬಿಚ್ಚಿದರೂ ಒಂದು ಹಲ್ಲು ಆಚೆ ಈಚೆ ಕೂರಿಸುವುದಿಲ್ಲ. ಬೋಲ್ಟ್ ಕನಿಷ್ಠ 8.8 ದರ್ಜೆ, ಸಾಧ್ಯವಾದರೆ 10.9, ನೈಲಾಕ್ ನಟ್ ಹೊಸದು. ಶಾಫ್ಟ್ ಮುರಿದರೆ ನೆಲಕ್ಕೆ ಬೀಳದಂತೆ ದಪ್ಪ ಪಟ್ಟಿಯ ಒಂದು ಬಳೆಯನ್ನು ಚಾಸಿಗೆ ಕಟ್ಟಿಸಿ, ಖರ್ಚು ಅತಿ ಕಡಿಮೆ. ಹಿಂದಿನ ಶಾಫ್ಟ್ ಮುಂದಿನ ತುದಿಯಲ್ಲಿ ಕಳಚಿ ರಸ್ತೆಗೆ ನಾಟಿದರೆ ಗಾಡಿಯನ್ನೇ ಎತ್ತಿ ಹಾಕುತ್ತದೆ.

ಓಡಿಸುವಾಗ ಕಿವಿ ಕೊಡಿ. ವೇಗದ ಜೊತೆ ಹೆಚ್ಚುತ್ತಾ ಹೋಗಿ, ಎಕ್ಸಲೇಟರ್ ಬಿಟ್ಟರೂ ಹಾಗೇ ಇರುವ ನಡುಕ ಬ್ಯಾಲೆನ್ಸ್‌ನದು. ಎಕ್ಸಲೇಟರ್ ಒತ್ತಿದಾಗ, ಬಿಟ್ಟಾಗ ಬದಲಾಗುವ ನಡುಕ ಹೆಚ್ಚಾಗಿ ಕೋನದ್ದು. ರಿವರ್ಸ್‌ನಿಂದ ಮುಂದಿನ ಗೇರಿಗೆ ಹಾಕಿದಾಗ ಟಣ್ ಅಂದರೆ ಕ್ರಾಸ್ ಅಥವಾ ಸ್ಪ್ಲೈನ್ ಸಡಿಲ. ನಿಧಾನ ಹೋಗುವಾಗ ಚಿಂವ್ ಚಿಂವ್ ಅಂದರೆ ಗ್ರೀಸ್ ಒಣಗಿದೆ. ಎರೆಮಣ್ಣಿನಲ್ಲಿ ಓಡಿಸಿ ಬಂದ ಮರುದಿನ ನಡುಕ ಶುರುವಾದರೆ ಗಾಬರಿ ಬೇಡ, ಮೊದಲು ಶಾಫ್ಟ್ ಮತ್ತು ಚಕ್ರದ ಡಿಸ್ಕ್ ಒಳಭಾಗ ತೊಳೆಯಿರಿ. ಅರ್ಧ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬೆಣ್ಣಿಹಳ್ಳದಂಥ ಕಡೆ ನೀರಿಗೆ ಇಳಿಸಿದ ಮೇಲೆ ಇಪಿ2 ಲಿಥಿಯಂ ಗ್ರೀಸ್ ಹೊಡೆಯಿರಿ. ಕ್ರಾಸ್‌ನ ನಾಲ್ಕೂ ಕಪ್ಪುಗಳಿಂದ ಹಳೆ ಗ್ರೀಸ್ ಹೊರಬರುವವರೆಗೆ. ಸ್ಪ್ಲೈನ್‌ಗೆ ಮಾತ್ರ ಎರಡು ಪಂಪ್ ಸಾಕು. ತುಂಬಿಸಿಬಿಟ್ಟರೆ ಗ್ರೀಸೇ ಅಡ್ಡ ನಿಂತು ಶಾಫ್ಟ್ ಒಳಗೆ ಜಾರುವುದಿಲ್ಲ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ಅದೇ ಅಳತೆಯ ಶಾಫ್ಟ್ ಬದಲಿಸುವುದು ರಿಪೇರಿ, ಆದರೆ ಎಂಜಿನ್ ಬದಲಾವಣೆ, ಚಾಸಿ ಬದಲಾವಣೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೆಳಗೆ ಬರುತ್ತವೆ, ಆರ್‌ಟಿಒ ಒಪ್ಪಿಗೆ ಇಲ್ಲದೆ ರಸ್ತೆಗೆ ಇಳಿಸಬೇಡಿ. ಹಾಗೆಯೇ ಗದಗದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಗುಡ್ಡ ನೋಡಿ ಆಸೆಯಾದರೂ ಅಲ್ಲಿ ಜೀಪು ಹತ್ತಿಸುವ ಹಾಗಿಲ್ಲ.

ಹೊರಡುವ ಮೊದಲು ಸೀಟಿನ ಕೆಳಗೆ ಇಷ್ಟು ಇರಲಿ: ಪ್ರತಿ ಅಳತೆಯ ಒಂದೊಂದು ಕ್ರಾಸ್ ಲಾಕ್ ಸಮೇತ, ನಾಲ್ಕು ಫ್ಲಾಂಜ್ ಬೋಲ್ಟ್ ನಟ್, ಸರ್ಕ್ಲಿಪ್ ಪ್ಲೈಯರ್, ಕಪ್ ಹೊಡೆಯಲು ಎರಡು ಸಾಕೆಟ್, ಸುತ್ತಿಗೆ, ಗ್ರೀಸ್ ಗನ್. ಹಿಂದಿನ ಶಾಫ್ಟ್ ಮುರಿದರೆ ಅದನ್ನು ಬಿಚ್ಚಿ ಹಿಂದೆ ಹಾಕಿ, ಫೋರ್ ಬೈ ಫೋರ್‌ನಲ್ಲಿ ಮುಂದಿನ ಚಕ್ರದಿಂದಲೇ ನಿಧಾನಕ್ಕೆ ಊರು ಸೇರಬಹುದು. ಹಿಂದಿನ ಶಾಫ್ಟ್ ಟ್ರಾನ್ಸ್‌ಫರ್ ಕೇಸ್ ಒಳಗೇ ಜಾರುವ ಮಾದರಿಯದಾದರೆ, ಬಿಚ್ಚಿದ ತೂತಿನಿಂದ ಎಣ್ಣೆ ಸುರಿಯುತ್ತದೆ. ಅದಕ್ಕೆ ಕಟ್ಟಲು ಒಂದು ತುಂಡು ಟ್ಯೂಬ್ ರಬ್ಬರ್ ಮತ್ತು ಹೋಸ್ ಕ್ಲಿಪ್ ಕೂಡ ಇಟ್ಟುಕೊಳ್ಳಿ.